ಕುಂದುಕೊರತೆ: ಕುಂದು ಯಾರ ಕಡೆಯದು?

ಜಿಲ್ಲಾಧಿಕಾರಿಗಳ ‘ಕುಂದುಕೊರತೆ ಸಭೆ’, ವಿದ್ಯುತ್ ಕಂಪನಿಯ ‘ಗ್ರಾಹಕರ ಕುಂದುಕೊರತೆ’, ಮಂತ್ರಿಗಳು ಹಳ್ಳಿಗೆ ಹೋಗಿ ‘ಜನರ ಕುಂದುಕೊರತೆ ಆಲಿಸಿದರು’ ಎಂಬ ಪತ್ರಿಕೆಯ ಸುದ್ದಿ, ಹೀಗೆ ಎಲ್ಲೆಲ್ಲೂ ಕಣ್ಣಿಗೆ ಬೀಳುವ ಈ ಜೋಡುನುಡಿಯನ್ನು ಪದಪ್ರಿಯರಾದ ನಾವು ಒಮ್ಮೆ ಬಿಡಿಸಿ ನೋಡಬೇಕು. ದೂರು, ಮೊರೆ, ಬಿನ್ನಹ, ಫಿರ್ಯಾದು, ಇವೆಲ್ಲ ನೊಂದವರ ಬಾಯಿಂದ ಹೊರಡುವ ಮಾತಿಗೆ ಇಟ್ಟ ಹೆಸರುಗಳು. ಕುಂದುಕೊರತೆಯೋ ಆ ಮಾತನ್ನು ಆಡಿಸಿದ ಕಾರಣಕ್ಕೇ ಇಟ್ಟ ಹೆಸರು.

‘ಕುಂದು’ ಮೊದಲು ಕ್ರಿಯಾಪದ: ಕುಗ್ಗು, ಇಳಿ, ಕಡಮೆಯಾಗು. ಬೆಳಕು ಕುಂದುತ್ತದೆ, ಬಲ ಕುಂದುತ್ತದೆ, ಎದೆಗುಂದುತ್ತೇವೆ, ಧೃತಿಗುಂದುತ್ತೇವೆ. ತಮಿಳಿನ ‘ಕುನ್ಱು’ ಇದರ ಒಡಹುಟ್ಟು. ತೆಲುಗಿನ ‘ಕುಂದು’ವಿಗೆ ಕೊರಗುವ, ದುಃಖಿಸುವ ಅರ್ಥವೂ ಉಂಟು. ಕಡಮೆಯಾದದ್ದು ನೋವಾಗುವ ಹಾದಿ ಅಲ್ಲಿಯೇ ಕಾಣಿಸುತ್ತದೆ. ಕ್ರಿಯೆ ನಾಮವಾದಾಗ ದೋಷ, ಕಳಂಕ, ಅಪಖ್ಯಾತಿಗಳು ಬಂದು ಸೇರಿದವು: ಮಾನಕ್ಕೆ ಕುಂದು, ಕುಲಕ್ಕೆ ಕುಂದು. ಜೊತೆಗಾರ ‘ಕೊರತೆ’ ಶಕಟರೇಫದ ‘ಕೊಱತೆ’. ತೆಲುಗಿನ ‘ಕೊಱತ’, ತಮಿಳಿನ ‘ಕುಱೈ’ ಇದರ ಬಳಗ. ಕುಱೈ ಎಂದರೆ ದೋಷವೂ ಹೌದು, ಅಹವಾಲೂ ಹೌದು. ಹಾಗಾಗಿಯೇ ತಮಿಳುನಾಡಿನ ಜಿಲ್ಲಾಧಿಕಾರಿಗಳ ಕಚೇರಿಗಳಲ್ಲಿ ಕುಱೈ ತೀರಿಸುವ ದಿನಗಳು ನಡೆಯುತ್ತವೆ.

ಮದುವೆಮನೆಯಲ್ಲಿ ಊಟವಾದ ಮೇಲೆ ಯಜಮಾನರು ಕೈಮುಗಿದು ‘ಕುಂದುಕೊರತೆ ಇದ್ದರೆ ಮನ್ನಿಸಬೇಕು’ ಎನ್ನುತ್ತಾರಲ್ಲ, ಅಲ್ಲಿ ಕುಂದು ಉಣಬಡಿಸಿದವರದು, ಕರೆದವರದು. ಯಾವ ಅತಿಥಿಯನ್ನೂ ಅದು ಬೊಟ್ಟು ಮಾಡಿ ತೋರಿಸುವುದಿಲ್ಲ. ಅದೇ ಕುಂದು ಕಾಲಿಲ್ಲದವರ, ಕಣ್ಣಿಲ್ಲದವರ ವಿಷಯಕ್ಕೆ ಬಂದಾಗ ಮಾತ್ರ ಅತಿಥಿಯ ಮೈಗೇ ಅಂಟಿಕೊಂಡಿತು. ಸಂಸ್ಕೃತದ ‘ವಿಕಲ’ವನ್ನು ನೋಡಿ: ವಿ-ಕಲಾ, ಒಂದು ಕಲೆ, ಎಂದರೆ ಒಂದು ಅಂಶ ಇಲ್ಲದ್ದು, ಚಂದ್ರನ ಹದಿನಾರು ಕಲೆಗಳಲ್ಲಿರುವ ಕಲೆಯೇ ಇದು. ಆ ಕಲಾ ಕನ್ನಡದಲ್ಲಿ ‘ಕಳೆ’ಯಾಗಿ, ಕುಂದಿನೊಡನೆ ಆದೇಶಸಂಧಿಯಾಗಿ ‘ಕಳೆಗುಂದು’ ಹುಟ್ಟಿತು. ಬೇರಿನಲ್ಲಿ ವಿಕಲವೂ ಕಳೆಗುಂದಿದ್ದೂ ಒಂದೇ. ಅಂಗವಿಕಲ, ಅಂಗಹೀನ, ಊನ, ನ್ಯೂನ, ಎಲ್ಲವೂ ಕಡಮೆಯನ್ನು ವ್ಯಕ್ತಿಯ ಒಳಗೇ ಹುಡುಕುವ ಪದಗಳು.

ಹಾಗೆ ಹುಡುಕಿದ್ದರ ಫಲ ವ್ಯವಹಾರಶಾಸ್ತ್ರದಲ್ಲಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರ’ದ ಪ್ರಕಾರ ಕುರುಡರಿಗೆ, ಕುಂಟರಿಗೆ ಅನ್ನಬಟ್ಟೆಯ ಪೋಷಣೆ ಉಂಟು, ಆಸ್ತಿಯಲ್ಲಿ ಪಾಲಿಲ್ಲ. ಬ್ರಿಟಿಷರ ನ್ಯಾಯಾಲಯಗಳೂ ಇದನ್ನೇ ಹಿಂದೂ ಕಾನೂನೆಂದು ಹಿಡಿದವು. ಅಂದಿನ ಕೋರ್ಟಿನಲ್ಲಿ ದೇಹದ ಕುಂದು ಪಾಲು ತಪ್ಪಿಸುವ ಎದುರುವಾದವಾಗಿತ್ತು. 1928ರ ಕಾಯಿದೆ ಆ ಕಟ್ಟನ್ನು ಸಡಿಲಿಸಿತು. ರೋಗ, ನ್ಯೂನತೆ, ವಿಕಾರಗಳ ಕಾರಣಕ್ಕೆ ಯಾರ ಉತ್ತರಾಧಿಕಾರವೂ ತಪ್ಪಬಾರದೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಕಲಮು ಹೇಳಿತು.

ಕುಂದು ನೆಲೆ ಬದಲಿಸಿದ್ದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ. ದೀರ್ಘಕಾಲದ ನ್ಯೂನತೆ ಸುತ್ತಲಿನ ಅಡೆತಡೆಗಳಿಗೆ ಎದುರಾದಾಗ ಸಮಾಜದಲ್ಲಿ ಸಮನಾಗಿ ಬೆರೆಯಲು ಆಗುವ ತೊಡಕೇ ಅಲ್ಲಿ ವೈಕಲ್ಯದ ಲಕ್ಷಣ. ಕಟ್ಟಡದಿಂದ ಹಿಡಿದು ಜನರ ಮನೋಭಾವದವರೆಗೆ ಎಲ್ಲವೂ ಅಡೆತಡೆಯಾಗಬಹುದು. ತಕ್ಕ ಅನುಕೂಲ ಮಾಡಿಕೊಡದಿರುವುದೂ ತಾರತಮ್ಯವೇ. ಸರ್ಕಾರಿ ಸಂಸ್ಥೆಗಳಲ್ಲಿ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ದೂರನ್ನು ವಹಿಯಲ್ಲಿ ದಾಖಲಿಸಿ ಎರಡು ವಾರದೊಳಗೆ ವಿಚಾರಿಸಬೇಕು, ಸಮಾಧಾನವಾಗದವರು ಜಿಲ್ಲಾಮಟ್ಟದ ಸಮಿತಿಗೆ ಹೋಗಬಹುದು. ಸಾಕ್ಷಿಗಳನ್ನು ಕರೆಸಲು ಸಿವಿಲ್ ನ್ಯಾಯಾಲಯದ ಅಧಿಕಾರವುಳ್ಳ ರಾಜ್ಯ ಆಯುಕ್ತರಿದ್ದಾರೆ. ಅಪರಾಧಗಳ ವಿಚಾರಣೆಗೆ ಪ್ರತಿ ಜಿಲ್ಲೆಯಲ್ಲೂ ಒಂದು ಸೆಷನ್ಸ್ ನ್ಯಾಯಾಲಯವನ್ನು ವಿಶೇಷ ನ್ಯಾಯಾಲಯವೆಂದು ಗೊತ್ತುಪಡಿಸಬೇಕು.

ಕಾಯಿದೆಯ 12ನೇ ಕಲಮು ಕೋರ್ಟಿನ ಬಾಗಿಲಿಗೇ ಬಂದು ನಿಲ್ಲುತ್ತದೆ: ನ್ಯಾಯ ಕೇಳಲು ಬಂದವರಿಗೆ ತಾರತಮ್ಯವಾಗಬಾರದು. ಸಾಕ್ಷಿ ಕಟಕಟೆಯ ಮೆಟ್ಟಿಲು ಗಾಲಿಕುರ್ಚಿಗೆ ಎಟುಕದು. ಸ್ಕ್ಯಾನ್ ಮಾಡಿ ಬರಿಯ ಚಿತ್ರವಾಗಿ ಏರಿಸಿದ ತೀರ್ಪಿನ ಮುಂದೆ ಅಂಧ ವಕೀಲರ ಸ್ಕ್ರೀನ್ ರೀಡರ್ ಮೂಕವಾಗುತ್ತದೆ. ಈ ಬಗೆಯ ತೊಡಕುಗಳನ್ನು ತನ್ನಲ್ಲೇ ಹುಡುಕಿಕೊಳ್ಳಲು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಒಂದು ಸಮಿತಿಯನ್ನೇ ನೇಮಿಸಿತು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆಯೊಬ್ಬರು ಸಂಜ್ಞಾಭಾಷೆಯ ದುಭಾಷಿಯ ನೆರವಿನಿಂದ ಅದೇ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. ದೃಷ್ಟಿದೋಷದ ಕಾರಣಕ್ಕಷ್ಟೇ ನ್ಯಾಯಾಧೀಶರ ಹುದ್ದೆಯನ್ನು ನಿರಾಕರಿಸುವಂತಿಲ್ಲವೆಂದು 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಆದ್ದರಿಂದ ದೂರಿನ ವಹಿಯಲ್ಲಿ ‘ಕುಂದುಕೊರತೆಯ ವಿವರ’ ಬರೆಯುವ ಗುಮಾಸ್ತರ ಕೈಯಲ್ಲಿ ಪದದ ಚರಿತ್ರೆಯೇ ಇದೆ. ‘ಅರ್ಜಿದಾರರಿಗೆ ಎರಡೂ ಕಾಲಿಲ್ಲ’ ಎಂದಷ್ಟೇ ಬರೆದರೆ ಮಿತಾಕ್ಷರದ ಕಾಲಕ್ಕೆ ಮರಳಿದಂತೆ. ‘ಎರಡನೇ ಮಹಡಿಯ ಕೋರ್ಟ್ ಹಾಲಿಗೆ ಲಿಫ್ಟಿಲ್ಲ, ವಿಚಾರಣೆಯನ್ನು ಕೆಳಗಿನ ಹಾಲಿಗೆ ವರ್ಗಾಯಿಸಲು ಕೋರಿದ್ದಾರೆ’ ಎಂದು ಬರೆದರೆ ಕುಂದು ಕರೆದವರ ಕಡೆಗೆ ಬರುತ್ತದೆ. ಹಾಗೆ ಬರೆದ ದೂರನ್ನು ಮಾತ್ರ ಯಾರಾದರೂ ಸರಿಪಡಿಸಬಲ್ಲರು.