ಪೌರನೀತಿಯ ಪಾಠ ಮತ್ತು ಬೊಮ್ಮಾಯಿ ಪ್ರಕರಣ



ನಮ್ಮ ಶಾಲೆಗಳಲ್ಲಿ ಪೌರನೀತಿಯು ಬಹುಕಾಲ ಇತಿಹಾಸ, ಭೂಗೋಳಗಳ ಬಾಲದಂತೆಯೇ ಇದ್ದಿತು. ರಾಷ್ಟ್ರಪತಿಯಾಗಲು ಎಷ್ಟು ವಯಸ್ಸಾಗಿರಬೇಕು, ರಾಜ್ಯಸಭಾ ಸದಸ್ಯರ ಅವಧಿ ಎಷ್ಟು ವರ್ಷ ಎಂಬುದನ್ನು ಉರು ಹಾಕಿದರೆ ಅಂಕಗಳು ಬರುತ್ತಿದ್ದವು. 356ನೆಯ ವಿಧಿಯೂ ಹಾಗೆಯೇ. ರಾಜ್ಯದಲ್ಲಿ ಸಂವಿಧಾನಬದ್ಧ ಆಡಳಿತ ನಡೆಯುವುದು ಅಸಾಧ್ಯವಾದಾಗ ರಾಷ್ಟ್ರಪತಿ ಆಳ್ವಿಕೆ ಹೇರಬಹುದೆಂಬ ಒಂದೆರಡು ವಾಕ್ಯಗಳಲ್ಲಿ ಅದು ಮುಗಿಯುತ್ತಿತ್ತು. ಆ ಅಸಾಧ್ಯತೆಯನ್ನು ಯಾರು, ಎಲ್ಲಿ ನಿರ್ಣಯಿಸಬೇಕು ಎಂಬ ಪ್ರಶ್ನೆಗೆ ಪಠ್ಯದಲ್ಲಿ ಸ್ಥಳವಿರಲಿಲ್ಲ. ಆ ಪ್ರಶ್ನೆಗೆ ದೇಶಕ್ಕೇ ಉತ್ತರ ದೊರಕಿಸಿದ ಮೊಕದ್ದಮೆಯು ನಮ್ಮ ಹುಬ್ಬಳ್ಳಿಯ ವಕೀಲರೊಬ್ಬರ ಹೆಸರಿನಲ್ಲಿದೆ ಎಂಬುದನ್ನು ನಮ್ಮ ಮಕ್ಕಳೇ ಅರಿಯರು.

ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು 1924ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಕಾರಡಗಿಯಲ್ಲಿ ಜನಿಸಿದರು. ಎಂ. ಎನ್. ರಾಯ್ ಅವರ ವಿಚಾರಗಳಿಂದ ಪ್ರಭಾವಿತರಾದವರು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರಾಗಿದ್ದ ಅವರು, ದೂರವಾಣಿ ಕದ್ದಾಲಿಕೆಯ ವಿವಾದದಿಂದ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದ ಬಳಿಕ 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು.

ಮುಂದಿನ ಏಪ್ರಿಲ್ ತಿಂಗಳಿನ ಒಂದು ವಾರವನ್ನು ದಿನದಿನವಾಗಿ ನೋಡಬೇಕು. 1989ರ ಏಪ್ರಿಲ್ 15ರಂದು ಸಚಿವ ಸಂಪುಟದ ವಿಸ್ತರಣೆ ನಡೆಯಿತು. ಎರಡೇ ದಿನಗಳಲ್ಲಿ ಶಾಸಕ ಕಲ್ಯಾಣರಾವ್ ಮೊಳಕೇರಿಯವರು ಪಕ್ಷ ತೊರೆದು, ಬೆಂಬಲ ಹಿಂತೆಗೆದುಕೊಂಡಿರುವ ಹತ್ತೊಂಬತ್ತು ಪತ್ರಗಳೊಡನೆ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಬಳಿ ಹೋದರು. 19ರಂದು ರಾಜ್ಯಪಾಲರು ದೆಹಲಿಗೆ ವರದಿ ಕಳುಹಿಸಿದರು. ಮರುದಿನವೇ ಆ ಹತ್ತೊಂಬತ್ತರಲ್ಲಿ ಏಳು ಶಾಸಕರು, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ಮೂಡಿಸಿ ಪಡೆಯಲಾಗಿತ್ತೆಂದೂ ತಾವು ಸರ್ಕಾರದ ಪರವಾಗಿಯೇ ಇರುವೆವೆಂದೂ ಬರೆದುಕೊಟ್ಟರು. ಸಂಪುಟವು 27ರಂದು ವಿಧಾನಸಭೆಯನ್ನು ಕರೆಯಲು ನಿರ್ಧರಿಸಿತು. ಬೇಕಾದರೆ ಇನ್ನೂ ಬೇಗನೆ ಕರೆದು ಬಹುಮತ ತೋರಿಸುವೆನೆಂದು ಬೊಮ್ಮಾಯಿಯವರು ರಾಜ್ಯಪಾಲರಿಗೆ ತಿಳಿಸಿದರು. ಆದರೂ ಅದೇ ದಿನ ಎರಡನೆಯ ವರದಿ ಹೋಯಿತು. 21ರಂದು ಸರ್ಕಾರ ವಜಾಗೊಂಡು ವಿಧಾನಸಭೆಯೂ ವಿಸರ್ಜನೆಯಾಯಿತು. ಒಂದು ವಾರ ಕಾದಿದ್ದರೆ ಯಾರ ಗಂಟು ಹೋಗುತ್ತಿತ್ತೋ ನಾನರಿಯೆ.

ಆಗ ನಮಗೆ ಬೇಸಿಗೆಯ ರಜೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹತ್ತನೆಯ ತರಗತಿಯಲ್ಲಿ ಈ ಘಟನೆಗಳನ್ನು ದಿನಾಂಕಸಹಿತ ಕರಿಹಲಗೆಯ ಮೇಲೆ ಬರೆದೆ. ಯಾವ ಪಕ್ಷದ ಪರವಾಗಿಯೂ ಮಾತನಾಡಬಾರದೆಂಬ ಎಚ್ಚರ ನನಗಿತ್ತು, ಏಕೆಂದರೆ ಎಲ್ಲ ಪಕ್ಷಗಳ ಮನೆಗಳಿಂದಲೂ ಮಕ್ಕಳು ಬರುತ್ತಿದ್ದರು. ಗರಗದ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, "ಸರ್, ಪತ್ರಾ ಓದಿದ್ರು, ಖರೆ. ಮಂದೀನ ಎಣಿಸಿದವ್ರು ಯಾರ್ರಿ?" ಎಂದು ಕೇಳಿದನು. ದೊಡ್ಡ ದೊಡ್ಡ ವಕೀಲರು ಐದು ವರ್ಷ ವಾದಿಸಿದ್ದು ಈ ಒಂದೇ ಮಾತನ್ನು!

ಅಂದೇ ತರಗತಿಯ ನಾಯಕನ ವಿಷಯದಲ್ಲಿ ಒಂದು ಪ್ರಯೋಗ ಮಾಡಿಸಿದೆ. ನಾಯಕ ಬೇಡವೆಂಬ ಚೀಟಿಗೆ ಮಧ್ಯಾಹ್ನದ ಬಿಡುವಿನಲ್ಲಿ ಸಹಿ ಸಂಗ್ರಹಿಸಿರೆಂದು ಇಬ್ಬರಿಗೆ ಹೇಳಿದೆ. ಅರ್ಧಕ್ಕಿಂತ ಹೆಚ್ಚು ಸಹಿಗಳು ಬಂದವು. ಬಿಡುವು ಮುಗಿದ ಮೇಲೆ ಎಲ್ಲರೆದುರು ಕೈ ಎತ್ತಲು ಹೇಳಿದಾಗ ಅಷ್ಟು ಕೈಗಳು ಏಳಲಿಲ್ಲ. ಒಬ್ಬ ಗೆಳೆಯನ ದಾಕ್ಷಿಣ್ಯಕ್ಕೆ ಸಹಿ ಹಾಕಿದ್ದ, ಇನ್ನೊಬ್ಬ ಓದದೆಯೇ ಹಾಕಿದ್ದ, ಮತ್ತೊಬ್ಬ ಪೇರಲ ಹಣ್ಣಿನ ಆಸೆಗೆ ಹಾಕಿದ್ದ. ಪುಸ್ತಕದ ಹತ್ತು ಪುಟಗಳಿಂದ ಆಗದ ಕೆಲಸ ಆ ಪೇರಲ ಹಣ್ಣಿನಿಂದಾಯಿತು.

ಮೊಕದ್ದಮೆಯ ಗತಿಯನ್ನು ಹೇಳುವೆನು. ಬೊಮ್ಮಾಯಿಯವರು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಹೋದರು. ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ವಜಾ ಮಾಡಿತು. ವರದಿ ಕಳುಹಿಸುವ ಮುನ್ನ ಸದನದಲ್ಲಿ ಬಲಪರೀಕ್ಷೆ ನಡೆಸುವುದು ಕಡ್ಡಾಯವಲ್ಲ ಎಂಬುದು ಅದರ ಅಭಿಪ್ರಾಯವಾಗಿತ್ತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ಇದನ್ನು ಒಪ್ಪಲಿಲ್ಲ. ಸರ್ಕಾರದ ಬಹುಮತವನ್ನು ಅಳೆಯುವ ಸ್ಥಳ ಸದನವೇ ಹೊರತು ರಾಜಭವನವಲ್ಲ. ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂದಿತು. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್ ಸರ್ಕಾರಗಳ ವಜಾ ಅಸಾಂವಿಧಾನಿಕವೆನಿಸಿತು. ಬಾಬರಿ ಮಸೀದಿಯ ಧ್ವಂಸದ ಬಳಿಕ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಪ್ರಕರಣದಲ್ಲಿ ಕೇಂದ್ರದ ಕ್ರಮವನ್ನು ಎತ್ತಿಹಿಡಿದು, ಜಾತ್ಯತೀತತೆಯು ಸಂವಿಧಾನದ ಮೂಲರಚನೆಯ ಭಾಗವೆಂದು ಸಾರಿತು.

1949ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ, ಇದು ಬಳಕೆಗೆ ಬಾರದೆ ಬರಿಯ ಅಕ್ಷರವಾಗಿಯೇ ಉಳಿಯಲೆಂದು ಅಂಬೇಡ್ಕರರು ಆಶಿಸಿದ್ದರು. ಈ ತೀರ್ಪು ಬರುವ ಹೊತ್ತಿಗೆ ಅದು ತೊಂಬತ್ತಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು! ತೀರ್ಪಿನ ತರುವಾಯ ಹಾಗೆ ಸಲೀಸಾಗಿ ಸರ್ಕಾರಗಳನ್ನು ಕಿತ್ತೆಸೆಯುವುದು ಕಡಿಮೆಯಾಯಿತು.

ಗೆದ್ದವರಿಗೆ ದೊರೆತದ್ದೇನು ಎಂದು ಮಕ್ಕಳು ಪ್ರತಿ ವರ್ಷವೂ ಕೇಳುತ್ತಿದ್ದರು. ಏನೂ ಇಲ್ಲ. 1989ರ ನವೆಂಬರ್‌ನಲ್ಲಿಯೇ ಚುನಾವಣೆ ನಡೆದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದರು. ಹೋದ ಸರ್ಕಾರವನ್ನು ಮರಳಿ ಕೂಡಿಸುವುದು ಸಾಧ್ಯವಿರಲಿಲ್ಲ. ನಾನು ಇದನ್ನು ಮರೆಮಾಚದೆ ಹೇಳುತ್ತಿದ್ದೆ. ನ್ಯಾಯ ತಡವಾದರೆ ಅರ್ಜಿದಾರನಿಗೆ ನಷ್ಟವೇ, ಲಾಭ ಮುಂದಿನವರಿಗೆ. ಬೊಮ್ಮಾಯಿಯವರು 1996ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವರಾದರು. ಅಂದರೆ ದೇಶದ ಶಿಕ್ಷಣ ಖಾತೆಯೇ ಅವರ ಕೈಯಲ್ಲಿತ್ತು. ಆ ವರ್ಷಗಳಲ್ಲಿಯೂ ನಮ್ಮ ಪಠ್ಯದಲ್ಲಿ ಅವರ ಪ್ರಕರಣ ನನ್ನ ಕಣ್ಣಿಗೆ ಬೀಳಲಿಲ್ಲ. 2007ರ ಅಕ್ಟೋಬರ್ 10ರಂದು ಅವರು ತೀರಿಕೊಂಡರು.

ನಮ್ಮ ರಾಜ್ಯದಲ್ಲಿಯೇ ಆ ತೀರ್ಪಿನ ಫಲ ಕಂಡಿತು. 2018ರ ಮೇ 19ರಂದು ಬಹುಮತ ಸಾಬೀತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಯಡಿಯೂರಪ್ಪನವರು ಮತಕ್ಕೆ ಮೊದಲೇ ರಾಜೀನಾಮೆಯಿತ್ತರು. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸರ್ಕಾರ ಸದನದಲ್ಲಿಯೇ 99–105ರಿಂದ ಬಿದ್ದಿತು. ಶಾಸಕರನ್ನು ರೆಸಾರ್ಟ್‌ಗಳಲ್ಲಿ ಕೂಡಿಹಾಕುವ ರೋಗಕ್ಕೆ ಮಾತ್ರ ಯಾವ ತೀರ್ಪೂ ಮದ್ದು ಕಂಡುಹಿಡಿದಿಲ್ಲ. ಆದರೂ ಎಣಿಕೆ ನಡೆದದ್ದು ಎಲ್ಲರ ಕಣ್ಣೆದುರು. ಆ ವೇಳೆಗೆ ನಾನು ನಿವೃತ್ತನಾಗಿದ್ದೆ. ಕುಂದಗೋಳ ತಾಲೂಕಿನಲ್ಲಿ ಶಿಕ್ಷಕಿಯಾಗಿರುವ ನನ್ನ ವಿದ್ಯಾರ್ಥಿನಿ ಮರುದಿನ ಫೋನ್ ಮಾಡಿ, ಆ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದುದಾಗಿ ಹೇಳಿದಳು. ಸರ್ಕಾರ ಬೀಳಲು ಆರು ಮತ ಸಾಕೇ ಎಂದು ಮಗುವೊಂದು ಕೇಳಿತಂತೆ. ಒಂದೇ ಸಾಕೆಂದು ಹೇಳಿ, 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರ 269–270ರಿಂದ ಸೋತದ್ದನ್ನು ಅವಳು ವಿವರಿಸಿದಳಂತೆ.