ಹಳೆಯ ವಿದ್ಯಾರ್ಥಿಗಳ ದತ್ತಿ ವಿದ್ಯಾರ್ಥಿವೇತನ (ಇಂಜಿನಿಯರಿಂಗ್)

ಹಳೆಯ ವಿದ್ಯಾರ್ಥಿಗಳ ದತ್ತಿ ವಿದ್ಯಾರ್ಥಿವೇತನ ಎಂಬುದು ಶಿಕ್ಷಣ ಸಂಸ್ಥೆಯೊಂದರಲ್ಲಿ ಓದಿ ಹೊರಬಂದವರು, ಅದೇ ಸಂಸ್ಥೆಯ ಅಥವಾ ತಮ್ಮ ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಏರ್ಪಡಿಸುವ ಧನಸಹಾಯವಾಗಿದೆ. ಇದು ಸಾಲವಲ್ಲ, ಮರುಪಾವತಿಯ ಕರಾರು ಇರುವುದಿಲ್ಲ.

ಹಿನ್ನೆಲೆ

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಶಿಕ್ಷಣವು ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾಲೇಜಿನಿಂದ ಬೆಳೆಯಿತು. 1946ರಲ್ಲಿ ಬೆಂಗಳೂರಿನ ಬಿ.ಎಂ.ಎಸ್. ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು, 1960ರಲ್ಲಿ ಸುರತ್ಕಲ್ಲಿನ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಆರಂಭಗೊಂಡವು. ಸುರತ್ಕಲ್ಲಿನ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಉತ್ತರ ಕನ್ನಡದ ಕರಾವಳಿಯಲ್ಲಿ, 1919ರಲ್ಲಿ ಸ್ಥಾಪನೆಯಾದ ಭಟ್ಕಳದ ಅಂಜುಮನ್ ಹಾಮಿ ಮುಸ್ಲಿಮೀನ್ ಸಂಸ್ಥೆಯು 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು.

ಅಗತ್ಯ

ಹೊನ್ನಾವರ, ಕುಮಟಾ ತಾಲ್ಲೂಕುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇಂಜಿನಿಯರಿಂಗ್ ಓದಲು ಸುರತ್ಕಲ್, ಹುಬ್ಬಳ್ಳಿ, ಬೆಂಗಳೂರುಗಳಿಗೆ ಹೋಗುತ್ತಾರೆ. ಆಗ ಬೋಧನಾ ಶುಲ್ಕದ ಜೊತೆಗೆ ಹಾಸ್ಟೆಲ್, ಊಟ, ಪುಸ್ತಕ, ಲ್ಯಾಪ್‌ಟಾಪ್‌ಗಳ ವೆಚ್ಚವೂ ಕುಟುಂಬದ ಮೇಲೆ ಬೀಳುತ್ತದೆ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು ರೂಪಿಸಿದ ರಾಜ್ಯದ ವಿದ್ಯಾಸಿರಿ ಯೋಜನೆಯ ನೆರವು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ರೂಪಾಯಿ ಆಗಿತ್ತು. ಉಳಿದ ಕೊರತೆಯನ್ನು ತುಂಬುವುದೇ ದತ್ತಿ ವಿದ್ಯಾರ್ಥಿವೇತನದ ಮುಖ್ಯ ಪ್ರಯೋಜನವಾಗಿದೆ.

ವಿಧಗಳು

ಶಾಶ್ವತ ದತ್ತಿಯಲ್ಲಿ ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಹಂಚಲಾಗುತ್ತದೆ. ಶೇಕಡಾ 6ರ ಬಡ್ಡಿಯಲ್ಲಿ 10 ಲಕ್ಷ ರೂಪಾಯಿಯ ಠೇವಣಿಯಿಂದ ವರ್ಷಕ್ಕೆ 60,000 ರೂಪಾಯಿ ದೊರೆಯುತ್ತದೆ. ವಾರ್ಷಿಕ ವಂತಿಗೆಯಲ್ಲಿ ಒಂದು ತಂಡದ ಸಹಪಾಠಿಗಳು ಪ್ರತಿವರ್ಷ ಹಣ ಕೂಡಿಸಿ ಆಯ್ದ ವಿದ್ಯಾರ್ಥಿಗಳನ್ನು ನಾಲ್ಕು ವರ್ಷ ಓದಿಸುತ್ತಾರೆ. ಮೊದಲನೆಯದು ದಾನಿಗಳ ನಂತರವೂ ಉಳಿಯುತ್ತದೆ. ಎರಡನೆಯದು ಕಡಿಮೆ ಹಣದಲ್ಲಿ ಕೂಡಲೇ ಆರಂಭಿಸಬಹುದಾದದ್ದು.

ಕಾನೂನು

ಶಿಕ್ಷಣದ ವೆಚ್ಚಕ್ಕಾಗಿ ಪಡೆದ ವಿದ್ಯಾರ್ಥಿವೇತನಕ್ಕೆ 1961ರ ಆದಾಯ ತೆರಿಗೆ ಕಾಯಿದೆಯ 10(16)ನೇ ವಿಧಿಯು ತೆರಿಗೆ ವಿನಾಯಿತಿ ನೀಡಿತು. ಅದೇ ಕಾಯಿದೆಯ 80ಜಿ ವಿಧಿಯ ರಿಯಾಯಿತಿಯು ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ ಅನ್ವಯಿಸಿತು. ನೇರವಾಗಿ ವಿದ್ಯಾರ್ಥಿಯ ಕೈಗಿತ್ತ ಹಣಕ್ಕೆ ಅನ್ವಯಿಸಲಿಲ್ಲ.

ಕರಾವಳಿಯ ಬಹಳಷ್ಟು ಮಂದಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವುದರಿಂದ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯೂ ಇಲ್ಲಿ ಮುಖ್ಯವಾಗುತ್ತದೆ. ಭಾರತೀಯ ಪೌರತ್ವವನ್ನು ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ವಂತಿಗೆಯಲ್ಲ. ಅಮೆರಿಕ ಮೊದಲಾದ ದೇಶಗಳ ಪೌರತ್ವ ಪಡೆದವರ ದಾನವಾದರೆ, ಅದನ್ನು ಸ್ವೀಕರಿಸುವ ಸಂಸ್ಥೆಗೆ ಈ ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು.

ಮಿತಿಗಳು

ಬಡ್ಡಿದರ ಇಳಿದಾಗ ಅಥವಾ ಶುಲ್ಕ ಏರಿದಾಗ ಹಳೆಯ ದತ್ತಿಗಳು ನಾಮಮಾತ್ರಕ್ಕೆ ಉಳಿಯುತ್ತವೆ. ಅಂಕಗಳನ್ನಷ್ಟೇ ನೋಡಿ ಆರಿಸಿದರೆ ಅನುಕೂಲಸ್ಥರ ಮಕ್ಕಳಿಗೇ ನೆರವು ಹೋಗುವ ಸಂಭವವಿದೆ; ಆದುದರಿಂದ ಅಂಕದೊಂದಿಗೆ ಕುಟುಂಬದ ವರಮಾನವನ್ನೂ ಪರಿಗಣಿಸುವ ಪದ್ಧತಿಯಿದೆ. ಮೊದಲ ವರ್ಷದ ಶುಲ್ಕವನ್ನು ಸೀಟು ದೊರೆತ ಕೆಲವೇ ದಿನಗಳಲ್ಲಿ ಕಟ್ಟಬೇಕಾಗುತ್ತದೆ. ತರಗತಿಗಳು ಆರಂಭವಾದ ಮೇಲೆ ಬರುವ ವಿದ್ಯಾರ್ಥಿವೇತನವು ಅಷ್ಟರಲ್ಲಿ ಮಾಡಿದ ಸಾಲವನ್ನು ತೀರಿಸಬಲ್ಲದು. ಹಣವಿಲ್ಲದೆ ಸೀಟನ್ನೇ ಬಿಟ್ಟವರಿಗೆ ಅದು ತಲುಪುವುದಿಲ್ಲ.

ಇವನ್ನೂ ನೋಡಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ
ಹೊನ್ನಾವರ
ಉತ್ತರ ಕನ್ನಡ