ಪರದೆ ಬದಲಾಗುವ ಹೊತ್ತು

ನಮ್ಮ ಕಂಪನಿಯಲ್ಲಿ ದರ್ಬಾರಿನ ಸೀನು ಕಟ್ಟಲು ಏಳೆಂಟು ನಿಮಿಷ ಬೇಕಾಗುತ್ತಿತ್ತು. ಸಿಂಹಾಸನ ಎಳೆಯಬೇಕು, ಕಂಬ ನಿಲ್ಲಿಸಬೇಕು, ರಾಜಾಪಾರ್ಟಿನವರು ಉಡುಪು ಬದಲಿಸಬೇಕು. ಅಷ್ಟು ಹೊತ್ತು ಮುಂದೆ ಬೀದಿಯ ಪರದೆ ಇಳಿಬಿಟ್ಟು ಹಾಸ್ಯದವನನ್ನು ಹೊರಕ್ಕೆ ನೂಕುತ್ತಿದ್ದರು. ಆ ಹಾಸ್ಯದವ ನಾನು. ಮಾತು ಬರೆದುಕೊಟ್ಟವರಿಲ್ಲ. ಕೈಯಲ್ಲೊಂದು ಹರಕು ಕೊಡೆ, ಪಕ್ಕದಲ್ಲೊಂದು ಮೂರು ಕಾಲಿನ ಕುರ್ಚಿ. ಹಿಂದೆ ಸುತ್ತಿಗೆಯ ಸದ್ದು ನಿಲ್ಲುವ ತನಕ ಜನ ಎದ್ದು ಹೋಗದಂತೆ ನೋಡಿಕೊಳ್ಳಬೇಕು. ಪರದೆಯ ಸಂದಿಯಿಂದ ಯಾರೋ "ಇನ್ನೆರಡು ನಿಮಿಷ" ಅಂತ ಪಿಸುಗುಟ್ಟಿದರೆ, ಕುರ್ಚಿಯಿಂದ ಇನ್ನೊಂದು ಸಲ ಬೀಳುವುದು. ಎಂಟು ವರ್ಷ ಹಾಗೆ ಬಿದ್ದೆ. ಮಳೆಗಾಲ ಬಂತೆಂದು ಈಗಲೂ ನನ್ನ ಎಡ ಭುಜಕ್ಕೆ ಮೊದಲು ಗೊತ್ತಾಗುತ್ತದೆ.

ಹೋದ ವರ್ಷ ಮೊಮ್ಮಗ ಮೊಬೈಲಿನಲ್ಲಿ ಒಂದು ಹಳೆಯ ಕೌಬಾಯ್ ಸಿನಿಮಾ ಹಾಕಿಕೊಂಡು ನಗುತ್ತಿದ್ದ. ಕಪ್ಪು-ಬಿಳುಪು, ಪ್ರಿಂಟು ತೀರಾ ಸವೆದದ್ದು. ಅದರಲ್ಲೊಬ್ಬ ಕುರುಚಲು ಗಡ್ಡದ ಮುದುಕ, ತಲೆಯ ಮೇಲೆ ಮುಂದಿನ ಅಂಚು ಮೇಲಕ್ಕೆ ಮಡಚಿದ ಟೋಪಿ. ಕುದುರೆ ಹತ್ತಲು ಹೋಗಿ ಆಚೆ ಬದಿಗೆ ಉರುಳಿದ. ಮೊಮ್ಮಗ ನಕ್ಕ. ನನಗೆ ನಗು ಬರಲಿಲ್ಲ. ನಾನು ಆತನ ಭುಜ ನೋಡುತ್ತಿದ್ದೆ. ನೆಲ ಮುಟ್ಟುವ ಮೊದಲೇ ಗದ್ದ ಎದೆಗೆ ಸೇರಿತ್ತು, ಭುಜ ಒಳಕ್ಕೆ ಮಡಚಿಕೊಂಡಿತ್ತು. ಅದು ಎಡವಿ ಬಿದ್ದದ್ದಲ್ಲ, ವರ್ಷಗಟ್ಟಲೆ ಕಲಿತು ಬಿದ್ದದ್ದು. ಈ ಮನುಷ್ಯ ನಮ್ಮ ಕಸುಬಿನವನು ಅನ್ನಿಸಿ ಅವನ ಬೆನ್ನು ಹತ್ತಿದೆ.

ಹೆಸರು ಆಲ್ ಸೇಂಟ್ ಜಾನ್. ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ಅನಾ ಎಂಬ ಊರಿನಲ್ಲಿ, 1890ರ ದಶಕದ ಆರಂಭದಲ್ಲಿ. ಮೂಕಿ ಚಿತ್ರಗಳ ಕಾಲದ ದೊಡ್ಡ ಹಾಸ್ಯನಟ ರಾಸ್ಕೋ ಅರ್ಬಕಲ್ ಅವನಿಗೆ ಸೋದರಮಾವ. ಮಾವ-ಅಳಿಯ ಅಂದರೂ ವಯಸ್ಸಿನಲ್ಲಿ ಐದಾರು ವರ್ಷದ ಅಂತರ ಅಷ್ಟೇ. ಹುಡುಗನಿಗೆ ಸೈಕಲ್ ಹುಚ್ಚು. ಸೈಕಲ್ಲಿನ ಮೇಲೆ ನಿಲ್ಲುವುದು, ಹಿಂದುಮುಂದಾಗಿ ಕೂರುವುದು, ಓಡುವ ಗಾಡಿಯಿಂದ ಹಾರುವುದು. ನಾವು ಸಣ್ಣವರಿದ್ದಾಗ ಊರ ಮೈದಾನದಲ್ಲಿ ಹಗಲೂ ರಾತ್ರಿ ಕೆಳಗಿಳಿಯದೆ ಸೈಕಲ್ ಹೊಡೆಯುವವರು ಬರುತ್ತಿದ್ದರಲ್ಲ, ಸೀಟಿನ ಮೇಲೆಯೇ ಸ್ನಾನ, ಸೀಟಿನ ಮೇಲೆಯೇ ಊಟ. ಆ ಜಾತಿಯ ಮೈ ಅವನದು.

ಮಾವನ ದಾರಿಯಲ್ಲೇ ಮ್ಯಾಕ್ ಸೆನೆಟ್‌ನ ಕೀಸ್ಟೋನ್ ಕಂಪನಿ ಸೇರಿದ. ಚಾಪ್ಲಿನ್ 1914ರಲ್ಲಿ ಸಿನಿಮಾಕ್ಕೆ ಬಂದದ್ದೂ ಅದೇ ಕಂಪನಿಗೆ. ಅಲ್ಲಿ ನಟನೆಗಿಂತ ಓಟ ಮುಖ್ಯ, ಓಟಕ್ಕಿಂತ ಬೀಳುವುದು ಮುಖ್ಯ. ಸೇಂಟ್ ಜಾನ್‌ಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಹುಡುಗಿಯ ಹಿಂದೆ ಬಿದ್ದ ಹೊಟ್ಟೆಕಿಚ್ಚಿನ ಎದುರಾಳಿಯ ಪಾರ್ಟು. 1916ರ 'ಫ್ಯಾಟಿ ಅಂಡ್ ಮೇಬಲ್ ಅಡ್ರಿಫ್ಟ್'ನಲ್ಲಿ ನವದಂಪತಿ ಮಲಗಿರುವಾಗ ಅವರ ಮನೆಯನ್ನೇ ಸಮುದ್ರಕ್ಕೆ ತಳ್ಳಿಸುವವನು ಇವನೇ. ಮರುವರ್ಷ 'ದಿ ಬುಚರ್ ಬಾಯ್'ನಲ್ಲಿ ಬಸ್ಟರ್ ಕೀಟನ್ ಮೊದಲ ಸಲ ಕ್ಯಾಮೆರಾ ಎದುರು ನಿಂತಾಗ ಇವನೂ ಆ ಚಿತ್ರದಲ್ಲಿದ್ದ. ಅರ್ಬಕಲ್, ಕೀಟನ್, ಸೇಂಟ್ ಜಾನ್ ಮೂವರೂ ಒಬ್ಬರನ್ನೊಬ್ಬರು ಎತ್ತಿ ಎಸೆಯುವವರು, ಎಸೆಸಿಕೊಳ್ಳುವವರು. ಎಸೆಯುವವನಿಗಿಂತ ಎಸೆಸಿಕೊಳ್ಳುವವನಿಗೆ ವಿದ್ಯೆ ಹೆಚ್ಚು ಬೇಕು. ಇದು ನೋಡುವವರಿಗೆ ಗೊತ್ತಾಗುವುದಿಲ್ಲ, ಗೊತ್ತಾಗಲೂಬಾರದು.

1918ರಲ್ಲಿ ಮೂವರೂ ಸೇರಿ 'ಔಟ್ ವೆಸ್ಟ್' ಮಾಡಿದರು. ಕೌಬಾಯ್ ಚಿತ್ರಗಳನ್ನೇ ಅಣಕಿಸುವ ಚಿತ್ರ. ಅದರಲ್ಲಿ ಸೇಂಟ್ ಜಾನ್ ಖಳ. ಹೆಸರು ವೈಲ್ಡ್ ಬಿಲ್ ಹಿಕಪ್, ಅಂದರೆ ಬಿಕ್ಕಳಿಕೆಯ ಬಿಲ್. ಯಾವುದನ್ನು ಆ ಹೊತ್ತು ಗೇಲಿ ಮಾಡಿದನೋ ಅದೇ ಮುಂದೆ ಅನ್ನ ಹಾಕಿತು.

1921ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ನಡೆದ ಒಂದು ಪಾರ್ಟಿಯ ನಂತರ ವರ್ಜೀನಿಯಾ ರಾಪ್ ಎಂಬ ನಟಿ ತೀರಿಕೊಂಡಳು. ಅರ್ಬಕಲ್ ಮೇಲೆ ಮೊಕದ್ದಮೆ ಬಿತ್ತು. ಮೂರು ಸಲ ವಿಚಾರಣೆ ನಡೆದು 1922ರ ಏಪ್ರಿಲಿನಲ್ಲಿ ಜ್ಯೂರಿ ಅವನನ್ನು ನಿರ್ದೋಷಿ ಅಂದಿತು. ಸಿನಿಮಾ ಜಗತ್ತು ಅನ್ನಲಿಲ್ಲ. ವಾರದೊಳಗೆ ಅವನ ಚಿತ್ರಗಳಿಗೆ ನಿಷೇಧ ಬಂತು. ಮಾವ ವಿಲಿಯಂ ಗುಡ್ರಿಚ್ ಎಂಬ ಕಳ್ಳಹೆಸರಿನಲ್ಲಿ ನಿರ್ದೇಶನ ಮಾಡಿ ಹೊಟ್ಟೆ ಹೊರೆದ. 1925ರ 'ದಿ ಐರನ್ ಮ್ಯೂಲ್'ನಲ್ಲಿ ಆ ಹೆಸರಿಲ್ಲದ ಮಾವನ ಎದುರು ನಾಯಕನಾಗಿ ನಿಂತವನು ಅಳಿಯ. 1933ರಲ್ಲಿ ಮಾವ ತೀರಿಕೊಂಡ. ಅಷ್ಟರಲ್ಲಿ ಮಾತಿನ ಚಿತ್ರ ಬಂದು, ಬೀಳುವವರನ್ನು ಕೇಳುವವರಿರಲಿಲ್ಲ. ನಲವತ್ತು ದಾಟಿದ ಸೇಂಟ್ ಜಾನ್ ಸಣ್ಣ ಕಂಪನಿಗಳ ಕೌಬಾಯ್ ಚಿತ್ರಗಳಲ್ಲಿ ಸಣ್ಣಪುಟ್ಟ ಪಾರ್ಟು ಮಾಡುತ್ತ ಉಳಿದ.

ಆ ಸಣ್ಣ ಕಂಪನಿಗಳ ಲೆಕ್ಕಾಚಾರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆಗ ಅಮೆರಿಕದ ಟಾಕೀಸುಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುತ್ತಿದ್ದರು. ಹಳ್ಳಿಗಾಡಿನ ಟಾಕೀಸುಗಳಿಗೆ ಶನಿವಾರ ಮಕ್ಕಳ ಜಾತ್ರೆ. ಅವರಿಗಾಗಿ ಒಂದು ಗಂಟೆಯೊಳಗೆ ಮುಗಿಯುವ ಕೌಬಾಯ್ ಚಿತ್ರಗಳನ್ನು ವಾರದ ಆಸುಪಾಸಿನಲ್ಲಿ ತೆಗೆದು ಬಿಸಾಕುತ್ತಿದ್ದರು. ಈ ಕಂಪನಿಗಳ ಓಣಿಗೆ ಹಾಲಿವುಡ್ಡಿನವರು ಇಟ್ಟ ಹೆಸರೇ 'ಬಡತನದ ಸಾಲು'. ದನಗಳ ಹಿಂಡು ಓಡಿಸಲು ದುಡ್ಡಿಲ್ಲ, ಊರಿಗೆ ಬೆಂಕಿ ಹಚ್ಚಲು ದುಡ್ಡಿಲ್ಲ. ಆದರೆ ಒಬ್ಬ ಮನುಷ್ಯ, ಒಂದು ನೀರಿನ ತೊಟ್ಟಿ, ಒಂದು ಮೊಂಡು ಕುದುರೆ ಕೊಟ್ಟರೆ ಐದು ನಿಮಿಷ ತುಂಬಿಸಿಬಿಡಬಲ್ಲವನು ಸಿಕ್ಕರೆ ರೀಲು ಉಳಿಯಿತು. ಇನ್ನೊಂದು ಅನುಕೂಲ: ನಾಯಕ ತನ್ನ ಮನಸ್ಸಿನಲ್ಲಿರುವುದನ್ನು ಯಾರಿಗಾದರೂ ಹೇಳಬೇಕಲ್ಲ. ಕುದುರೆ ಉತ್ತರ ಕೊಡುವುದಿಲ್ಲ. ನಮ್ಮ ನಾಟಕಗಳ ರಾಜಕುಮಾರನಿಗೂ ಇದೇ ಕಷ್ಟ, ಅದಕ್ಕೇ ಅವನ ಹಿಂದೊಬ್ಬ ಹಾಸ್ಯದ ಗೆಳೆಯ.

ಸೇಂಟ್ ಜಾನ್‌ಗೆ ಫಜ್ಜಿ ಎಂಬ ಅಡ್ಡಹೆಸರು ಬಂದದ್ದು ಇನ್ನೊಬ್ಬನ ಪಾಲಿನ ಎಲೆಯಿಂದ. 1937ರ ಸುಮಾರಿಗೆ ಸ್ಪೆಕ್ಟ್ರಮ್ ಎಂಬ ಕಂಪನಿ, ಹಾಡುವ ಕೌಬಾಯ್ ಫ್ರೆಡ್ ಸ್ಕಾಟ್‌ನ ಜೊತೆಗಾರನ ಪಾರ್ಟನ್ನು ಫಜ್ಜಿ ನೈಟ್ ಎಂಬ ನಟನಿಗೆ ಎಂದು ಬರೆಸಿತ್ತು. ಅವನು ಸಿಗಲಿಲ್ಲ. ಪಾರ್ಟು ಸೇಂಟ್ ಜಾನ್‌ಗೆ ಬಂತು, ಅದರೊಳಗಿದ್ದ ಹೆಸರೂ ಬಂತು. ಆ ಸರಣಿಯ ಕೆಲವು ಚಿತ್ರಗಳಿಗೆ ನಿರ್ಮಾಪಕನಾಗಿದ್ದವನು ಲಾರೆಲ್-ಹಾರ್ಡಿ ಜೋಡಿಯ ಸ್ಟಾನ್ ಲಾರೆಲ್. ಹಳೆಯ ಮೂಕಿಯ ಒಬ್ಬ ಕಸುಬುದಾರನಿಗೆ ಇನ್ನೊಬ್ಬನ ಬೆಲೆ ತಿಳಿದಿದ್ದರಲ್ಲಿ ಏನಾಶ್ಚರ್ಯ.

1940ರಲ್ಲಿ ಪಿಆರ್‌ಸಿ ಎಂಬ ಇನ್ನೂ ಬಡ ಕಂಪನಿ ಬಿಲ್ಲಿ ದಿ ಕಿಡ್ ಸರಣಿ ಶುರು ಮಾಡಿತು. ಮೊದಲ ಆರು ಚಿತ್ರಗಳಿಗೆ ಬಾಬ್ ಸ್ಟೀಲ್ ನಾಯಕ. ಅವನು ಬಿಟ್ಟುಹೋದ. 1941ರಲ್ಲಿ ಬಸ್ಟರ್ ಕ್ರ್ಯಾಬ್ ಬಂದ. 1932ರ ಒಲಿಂಪಿಕ್ಸಿನಲ್ಲಿ 400 ಮೀಟರ್ ಈಜಿಗೆ ಚಿನ್ನ ಗೆದ್ದವನು, ಫ್ಲ್ಯಾಶ್ ಗಾರ್ಡನ್ ಆಗಿ ಹೆಸರು ಮಾಡಿದವನು. ಅದೇ ವರ್ಷ ಅದೇ ಕಂಪನಿ 'ಲೋನ್ ರೈಡರ್' ಎಂಬ ಇನ್ನೊಂದು ಸರಣಿ ಹೂಡಿತು. ಅದಕ್ಕೆ ಜಾರ್ಜ್ ಹ್ಯೂಸ್ಟನ್ ನಾಯಕ, ಆಮೇಲೆ ಬಾಬ್ ಲಿವಿಂಗ್‌ಸ್ಟನ್. ಎರಡು ಸರಣಿಯ ಬಹುತೇಕ ಚಿತ್ರಗಳಿಗೂ ನಿರ್ದೇಶಕ ಸ್ಯಾಮ್ ನ್ಯೂಫೀಲ್ಡ್. ಒಬ್ಬನೇ ಇಷ್ಟೊಂದು ತೆಗೆಯುತ್ತಾನೆಂದು ಕಾಣದಿರಲಿ ಅಂತ ಅವನು ಶೆರ್ಮನ್ ಸ್ಕಾಟ್, ಪೀಟರ್ ಸ್ಟುವರ್ಟ್ ಎಂದೂ ಹೆಸರು ಹಾಕಿಸಿಕೊಳ್ಳುತ್ತಿದ್ದ. ನಿರ್ದೇಶಕನ ಹೆಸರು ಬದಲಾಯಿತು, ನಾಯಕನ ಮುಖ ಬದಲಾಯಿತು, 1943ರ ಹೊತ್ತಿಗೆ ಬಿಲ್ಲಿ ದಿ ಕಿಡ್ ಹೋಗಿ ಬಿಲ್ಲಿ ಕಾರ್ಸನ್ ಆದ. ಎರಡು ಸರಣಿಯಲ್ಲೂ ಬದಲಾಗದೆ ಉಳಿದವನು ಫಜ್ಜಿ ಜೋನ್ಸ್. ಒಂದೇ ಗಡ್ಡ, ಒಂದೇ ಟೋಪಿ. ಈ ಬಿಲ್ಲಿಯ ಜೊತೆಗಾರನೇ ಆ ರೈಡರ್‌ನ ಜೊತೆಗೂ ಹೇಗಿದ್ದಾನೆ ಅಂತ ಯಾವ ಮಗುವೂ ಕೇಳಲಿಲ್ಲ.

ಕ್ರ್ಯಾಬ್ ಜೊತೆ ಮೂವತ್ತಕ್ಕೂ ಹೆಚ್ಚು ಚಿತ್ರ ಮಾಡಿದ. ಹತ್ತಾರು ನೋಡಿದ ಮೇಲೆ ನನಗೆ ಕಂಡದ್ದು: ಕ್ರ್ಯಾಬ್ ಎಲ್ಲದರಲ್ಲೂ ಒಂದೇ. ಗೋಡೆಗೆ ಒರಗುತ್ತಾನೆ, ನಗುತ್ತಾನೆ, ಗುದ್ದುತ್ತಾನೆ. ಹೊಸದು ಹುಡುಕುವ ಕೂಲಿ ಫಜ್ಜಿಯದು. 1944ರ ಹೊತ್ತಿಗೆ ಒಂದು ಚಿತ್ರದ ಹೆಸರಲ್ಲೇ ಅವನು ಕೂತ: 'ಫಜ್ಜಿ ಸೆಟಲ್ಸ್ ಡೌನ್'. ಬಹುಮಾನದ ದುಡ್ಡಿನಲ್ಲಿ ಪತ್ರಿಕೆಯೊಂದನ್ನು ಕೊಂಡು ಊರಲ್ಲಿ ನೆಲೆಯೂರಲು ನೋಡುವ ಕತೆ. ಮರುವರ್ಷದ 'ಹಿಸ್ ಬ್ರದರ್ಸ್ ಗೋಸ್ಟ್'ನಲ್ಲಿ ಅವನಿಗೆ ಎರಡು ಪಾರ್ಟು, ಅವಳಿ ಅಣ್ಣತಮ್ಮಂದಿರು. ಒಬ್ಬ ಸಾಯುತ್ತಾನೆ. ಉಳಿದವನು ಸತ್ತವನ ದೆವ್ವವಾಗಿ ಕೊಲೆಗಾರರನ್ನು ಹೆದರಿಸುತ್ತಾನೆ. ಸಾಯುವ ಪಾರ್ಟಿನಲ್ಲಿ ಅವನು ಒಮ್ಮೆಯೂ ನಗಿಸುವುದಿಲ್ಲ. ಹಾಸ್ಯದವನಿಗೆ ಅಳುವ ಸೀನು ಕೊಡಲು ನಮ್ಮ ಮಾಲೀಕರು ಒಮ್ಮೆಯೂ ಒಪ್ಪಲಿಲ್ಲ. "ಜನ ಅದಕ್ಕೂ ನಗ್ತಾರಪ್ಪ" ಅನ್ನುತ್ತಿದ್ದರು. ಆ ಚಿತ್ರ ಮುಗಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

1946ಕ್ಕೆ ಕ್ರ್ಯಾಬ್ ಕೂಡ ಬಿಟ್ಟ. 1947ರಿಂದ ಹೊಸ ನಾಯಕ ಲ್ಯಾಶ್ ಲರೂ. ಕಪ್ಪು ಬಟ್ಟೆ, ಕೈಯಲ್ಲಿ ಪಿಸ್ತೂಲಿಗಿಂತ ಹೆಚ್ಚಾಗಿ ಉದ್ದನೆಯ ಚಾಟಿ. ಮತ್ತೆ ಹಿಂದೆ ಫಜ್ಜಿ. ಆಗ ಅವನಿಗೆ ಐವತ್ತು ದಾಟಿತ್ತು, ಇನ್ನೂ ಬೀಳುತ್ತಿದ್ದ. ಆದರೆ ಅಷ್ಟರಲ್ಲಿ ಮಕ್ಕಳು ಮನೆಯ ಟಿವಿಯಲ್ಲಿ ಪುಕ್ಕಟೆ ಕೌಬಾಯ್‌ಗಳನ್ನು ನೋಡತೊಡಗಿದ್ದರು. ಖರ್ಚು ಉಳಿಸಲು ಹೊಸ ಚಿತ್ರಗಳ ನಡುವೆ ಹಳೆಯ ಚಿತ್ರಗಳ ತುಂಡುಗಳನ್ನು ತೇಪೆ ಹಾಕಿದರು. 1952ರ 'ದಿ ಫ್ರಾಂಟಿಯರ್ ಫ್ಯಾಂಟಮ್' ಕೊನೆಯದು. ಬಡತನದ ಸಾಲಿನ ದೀಪಗಳು ಒಂದೊಂದಾಗಿ ಆರಿದವು.

ಸೇಂಟ್ ಜಾನ್ ಮನೆಯಲ್ಲಿ ಕೂರಲಿಲ್ಲ. ಊರೂರು ತಿರುಗುವ ಪ್ರದರ್ಶನಗಳಲ್ಲಿ ಅದೇ ಗಡ್ಡ, ಅದೇ ಟೋಪಿಯಲ್ಲಿ ಕಾಣಿಸಿಕೊಂಡ. ಸ್ಟುಡಿಯೋದಿಂದ ರಸ್ತೆಗೆ ಇಳಿದದ್ದನ್ನು ಕೆಲವರು ಪತನ ಅಂದಾರು. ನಾನು ಅನ್ನುವುದಿಲ್ಲ. ಎದುರಿಗೆ ಕೂತವರ ನಗು ಕಿವಿಗೆ ಬೀಳುವುದು ರಸ್ತೆಯಲ್ಲೇ ಹೊರತು ಕ್ಯಾಮೆರಾ ಮುಂದಲ್ಲ. 1963ರ ಜನವರಿ 21ರಂದು ಜಾರ್ಜಿಯಾ ರಾಜ್ಯದಲ್ಲಿ, ಹುಟ್ಟೂರಿನಿಂದ ಅಮೆರಿಕದ ಆ ತುದಿಯಲ್ಲಿ, ತಿರುಗಾಟದಲ್ಲಿರುವಾಗಲೇ ಪ್ರಾಣ ಬಿಟ್ಟ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಚಿತ್ರಗಳು ಯುರೋಪಿಗೆ ಹೋಗಿದ್ದವು. ಜರ್ಮನಿಯಲ್ಲಿ ಅವಕ್ಕೆ ಹೊಸ ಹೆಸರು ಇಡುವಾಗ ಫಜ್ಜಿಯ ಹೆಸರನ್ನೇ ಮುಂದೆ ಹಾಕಿದರು. 1970ರ ದಶಕದ ಕೊನೆಯಲ್ಲಿ ಪಶ್ಚಿಮ ಜರ್ಮನಿಯ ಟಿವಿಯಲ್ಲಿ ಮತ್ತೆ ಬಂದಾಗ, ಸತ್ತು ಹದಿನೈದು ವರ್ಷವಾಗಿದ್ದವನಿಗೆ ಹೊಸ ಮಕ್ಕಳು ಸಿಕ್ಕರು. ಒಲಿಂಪಿಕ್ ಚಿನ್ನದವನು, ಚಾಟಿಯವನು, ಹಾಡಿನವನು ಅಲ್ಲಿ ಫಜ್ಜಿಯ ಜೊತೆಗಾರರಾದರು. ನಮ್ಮ ಕಡೆಯೂ 'ಬೇಡರ ಕಣ್ಣಪ್ಪ'ದಿಂದ ಮುಂದಕ್ಕೆ ಎಷ್ಟೋ ಜನ ಪೋಸ್ಟರಿನಲ್ಲಿ ನರಸಿಂಹರಾಜು ಮುಖ ಇದೆಯೋ ಇಲ್ಲವೋ ನೋಡಿಕೊಂಡೇ ಟಿಕೆಟ್ ತೆಗೆಯುತ್ತಿದ್ದರು.

ಮೊನ್ನೆ ಮೊಮ್ಮಗ ಮತ್ತೆ ಪಕ್ಕದಲ್ಲಿ ಬಂದು ಕೂತ. ನಾಯಕ ಗುಡ್ಡದ ಮೇಲೆ ಕುದುರೆ ಓಡಿಸುತ್ತಿದ್ದ, ಗುಂಡಿನ ಸದ್ದು, ಧೂಳು. ಹುಡುಗ ಬೆರಳಿನಿಂದ ಸರಸರ ಮುಂದಕ್ಕೆ ಓಡಿಸಿದ.

"ಯಾಕೋ, ಫೈಟಿಂಗ್ ಬೇಡವಾ?" ಅಂದೆ.

"ಇರಿ ತಾತ, ಅಜ್ಜ ಬೀಳೋದು ಈಗ ಬರುತ್ತೆ" ಅಂದ.

ನನ್ನ ಕೈ ತಾನಾಗಿ ಎಡ ಭುಜಕ್ಕೆ ಹೋಯಿತು.